ಖಾಝಿಯನ್ನು ನೇಮಿಸುವವರು ಯಾರು? 1880ರ ಕಾಯ್ದೆಯ ಹಿಂದಿನ ಒಂದು ವ್ಯಾಜ್ಯ

ಖಾಝಿ ಎಂಬ ಪದ ಕಿವಿಗೆ ಬಿದ್ದೊಡನೆ ಇಂದು ನಮ್ಮ ಮನೆಗಳಲ್ಲಿ ನೆನಪಾಗುವುದು ನಿಕಾಹ್‌ನ ದಫ್ತರು ಮತ್ತು ಚಂದ್ರದರ್ಶನದ ಪ್ರಕಟಣೆ. ಆದರೆ ಅರಬಿಯಲ್ಲಿ ಆ ಪದಕ್ಕೆ ತೀರ್ಪು ನೀಡುವವನು, ನ್ಯಾಯಾಧೀಶ ಎಂದೇ ಅರ್ಥ. ಜನರ ಆಸ್ತಿ, ಪ್ರಾಣ ಮತ್ತು ಮಾನದ ಮೇಲೆ ತೀರ್ಪು ಕೊಡುತ್ತಿದ್ದ ಪೀಠವು ರುಜು ಹಾಕುವ ಪೀಠವಾಗಿ ಕುಗ್ಗಿದುದು ಹೇಗೆ? ಈ ಪ್ರಶ್ನೆಗೆ ಬ್ರಿಟಿಷರು ಬಂದರು, ಕಸಿದುಕೊಂಡರು ಎಂಬ ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸುವವರುಂಟು. ಇತಿಹಾಸ ಅಷ್ಟು ಸರಳವಾಗಿಲ್ಲ. ಆ ಕಥೆಯ ನಡುವೆ ಮದ್ರಾಸ್ ಹೈಕೋರ್ಟಿನ ಒಂದು ವ್ಯಾಜ್ಯವಿದೆ. ಮುಹಮ್ಮದ್ ಅಬೂಬಕರ್ ಒಂದು ಕಡೆ, ಮೀರ್ ಗುಲಾಮ್ ಹುಸೈನ್ ಮತ್ತು ಇನ್ನೊಬ್ಬರು ಮತ್ತೊಂದು ಕಡೆ. ಖಾಝಿಯನ್ನು ನೇಮಿಸುವ ಅಧಿಕಾರ ಯಾರದು ಎಂಬುದೇ ಅಲ್ಲಿ ಎದ್ದ ಪ್ರಶ್ನೆ. ಅದಕ್ಕೆ ನ್ಯಾಯಾಲಯ ಕೊಟ್ಟ ಉತ್ತರವು 1880ರಲ್ಲಿ ಒಂದು ಕಾಯ್ದೆಗೆ ಕಾರಣವಾಯಿತು. ಮಂಗಳೂರು, ಉಡುಪಿಯ ಕಡೆಯ ನಮ್ಮ ಹಿರಿಯರ ಬದುಕು ಸಹ ಆ ಕಾಯ್ದೆಯ ವ್ಯಾಪ್ತಿಗೆ ಬಂದಿತು.

ಮೊದಲು ಹಿನ್ನೆಲೆಯನ್ನು ನೋಡೋಣ. ಸುಲ್ತಾನರ ಮತ್ತು ಮೊಗಲರ ಕಾಲದಲ್ಲಿ ನಗರಕ್ಕೊಬ್ಬ, ಪರಗಣೆಗೊಬ್ಬ ಖಾಝಿಯಿದ್ದು ರಾಜನ ಸನದಿನಿಂದ ನೇಮಕಗೊಳ್ಳುತ್ತಿದ್ದರು. ವ್ಯಾಜ್ಯ ತೀರಿಸುವುದಲ್ಲದೆ ಕ್ರಯಪತ್ರಗಳನ್ನು ಬರೆಸುವುದು, ಅವಕ್ಕೆ ಮೊಹರು ಹಾಕುವುದು, ನಿಕಾಹ್ ನೆರವೇರಿಸುವುದು ಇವೆಲ್ಲವೂ ಅವರ ಕೈಯಲ್ಲಿದ್ದವು. ಈಸ್ಟ್ ಇಂಡಿಯಾ ಕಂಪನಿ ಆಡಳಿತ ಹಿಡಿದಾಗ ಈ ವ್ಯವಸ್ಥೆಯನ್ನು ಒಮ್ಮೆಲೇ ಕಿತ್ತೊಗೆಯಲಿಲ್ಲ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ರೂಪಿಸಿದ ನ್ಯಾಯವ್ಯವಸ್ಥೆಯಲ್ಲಿ ಇಂಗ್ಲಿಷ್ ಅಧಿಕಾರಿಯ ಪಕ್ಕದಲ್ಲಿ ಖಾಝಿ, ಮುಫ್ತಿ ಮತ್ತು ಪಂಡಿತರಿಗೆ ಸ್ಥಾನವಿತ್ತು. 1793ರ ಬಂಗಾಳದ 39ನೇ ರೆಗ್ಯುಲೇಷನ್, 1827ರ ಬೊಂಬಾಯಿಯ 26ನೇ ರೆಗ್ಯುಲೇಷನ್ ಖಾಝಿಗಳ ನೇಮಕವನ್ನು ಸರ್ಕಾರದ ಕೆಲಸವನ್ನಾಗಿಯೇ ಉಳಿಸಿದವು. ತೀರ್ಪಿನ ಅಧಿಕಾರ ಕ್ರಮೇಣ ಇಂಗ್ಲಿಷ್ ನ್ಯಾಯಾಧೀಶರತ್ತ ಸರಿಯಿತು. ದಸ್ತಾವೇಜು, ನಿಕಾಹ್ ಮತ್ತು ಧಾರ್ಮಿಕ ಕರ್ತವ್ಯಗಳು ಖಾಝಿಯ ಬಳಿ ಉಳಿದವು.

1860ರ ದಶಕದಲ್ಲಿ ಚಿತ್ರ ಬದಲಾಯಿತು. ಭಾರತೀಯ ದಂಡ ಸಂಹಿತೆ ಬಂದಿತು, ಹೈಕೋರ್ಟುಗಳು ಸ್ಥಾಪನೆಯಾದವು. ಇನ್ನು ಮೇಲೆ ಪಕ್ಕದಲ್ಲಿ ಕುಳಿತು ಫತ್ವಾ ಹೇಳುವ ಮುಫ್ತಿ ಬೇಡವೆಂದು ಸರ್ಕಾರ ತೀರ್ಮಾನಿಸಿತು. 1864ರ 11ನೇ ಕಾಯ್ದೆಯ ಮೂಲಕ ನ್ಯಾಯಾಲಯಗಳಲ್ಲಿದ್ದ ಹಿಂದೂ ಮತ್ತು ಮುಸ್ಲಿಮ್ ಧರ್ಮಶಾಸ್ತ್ರದ ಅಧಿಕಾರಿಗಳ ಹುದ್ದೆಗಳು ರದ್ದಾದವು. ಅದೇ ಕಾಯ್ದೆಯು ಖಾಝಿ-ಉಲ್-ಖುಝಾತ್‌ರನ್ನೂ ನಗರ, ಪಟ್ಟಣ, ಪರಗಣೆಗಳ ಖಾಝಿಗಳನ್ನೂ ಸರ್ಕಾರ ನೇಮಿಸುವುದು ಉಚಿತವಲ್ಲವೆಂದು ಸಾರಿ, ಆ ನೇಮಕಕ್ಕೆ ಆಧಾರವಾಗಿದ್ದ ಹಳೆಯ ರೆಗ್ಯುಲೇಷನ್‌ಗಳನ್ನು ರದ್ದುಪಡಿಸಿತು. ಆದರೆ ಜನರು ಕರೆದಾಗ ಶರೀಅತ್ ವಿಧಿಸಿದ ಕರ್ತವ್ಯಗಳನ್ನು ಖಾಝಿ ನೆರವೇರಿಸುವುದಕ್ಕೆ ಅಡ್ಡಿಯಿಲ್ಲವೆಂಬ ಮಾತನ್ನು ಸೇರಿಸಲು ಮರೆಯಲಿಲ್ಲ. ಸರ್ಕಾರ ಹಿಂದೆ ಸರಿದರೆ ಮುಸ್ಲಿಮರು ತಮ್ಮ ಖಾಝಿಯನ್ನು ತಾವೇ ನೇಮಿಸಿಕೊಳ್ಳುವರು ಎಂಬುದು ಶಾಸನಕರ್ತರ ಎಣಿಕೆಯಾಗಿತ್ತು. ಎಣಿಕೆ ಚೆನ್ನಾಗಿಯೇ ಇತ್ತು, ನಡೆಯಲಿಲ್ಲ.

ನೇಮಿಸುವ ಕೈ ಹಿಂದಕ್ಕೆ ಸರಿದಾಗ ಪೀಠಕ್ಕೆ ಹಕ್ಕುದಾರರು ಹೆಚ್ಚಾಗುವುದು ಸಹಜ. ನಮ್ಮ ತಾತನಿಗೆ ಸನದಿತ್ತು, ಆದುದರಿಂದ ಪದವಿ ನಮ್ಮ ಮನೆಯದು ಎಂದು ವಾದಿಸುವ ಕುಟುಂಬಗಳು ಎಲ್ಲೆಡೆ ಇದ್ದವು. ಖಾಝಿತನದೊಂದಿಗೆ ಅನೇಕ ಕಡೆ ಇನಾಮು ಭೂಮಿಯೂ ಇದ್ದುದರಿಂದ ವಾದಕ್ಕೆ ಬಿಸಿ ಹೆಚ್ಚು. ಬಿಜಾಪುರ, ಬೆಳಗಾವಿ, ಧಾರವಾಡಗಳು ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ಆ ಕಡೆ ಇಂದಿಗೂ ಖಾಜಿ ಎಂಬ ಮನೆತನದ ಹೆಸರುಳ್ಳ ಕುಟುಂಬಗಳನ್ನು ಕಾಣುತ್ತೇವೆ. ಬೊಂಬಾಯಿ ಹೈಕೋರ್ಟಿನ ಮುಂದೆ 1877ರಲ್ಲಿ ಖಾಝಿ ಪದವಿಯ ಕುರಿತು ಇಂತಹ ಒಂದು ದಾವೆ ಬಂದಿತು. ವಾದಿಯೂ ಜಮಾಲ್, ಪ್ರತಿವಾದಿಯೂ ಜಮಾಲ್. ಒಬ್ಬರು ಅಹ್ಮದರ ಮಗ, ಇನ್ನೊಬ್ಬರು ಜಲಾಲರ ಮಗ. ತಂದೆಯ ಹೆಸರನ್ನು ಬಿಟ್ಟು ಓದಿದರೆ ಮನುಷ್ಯ ತನ್ನ ಮೇಲೆಯೇ ದಾವೆ ಹೂಡಿದಂತೆ ತೋರುತ್ತದೆ! ಶರೀಅತ್‌ನ ಪ್ರಕಾರ ಖಾಝಿತನವು ವಂಶಪಾರಂಪರ್ಯವಾಗಿ ಇಳಿದುಬರುವ ಸ್ವತ್ತಲ್ಲ, ಸ್ಥಳೀಯ ರೂಢಿಯಿದೆ ಎನ್ನುವವರು ಅದನ್ನು ಗಟ್ಟಿಯಾಗಿ ರುಜುವಾತುಪಡಿಸಬೇಕು ಎಂಬ ನಿಲುವು ಬೊಂಬಾಯಿಯ ನ್ಯಾಯಾಲಯದಿಂದ ಹೊರಟಿತು. ಈ ನಿಲುವಿನ ಬಗ್ಗೆ ನಮಗೆ ತಕರಾರಿಲ್ಲ. ಇಲ್ಮ್ ಮತ್ತು ಅದಾಲತ್ ನೋಡಿ ಕೊಡಬೇಕಾದ ಅಮಾನತ್ತನ್ನು ತೋಟದಂತೆ, ಗದ್ದೆಯಂತೆ ಮಕ್ಕಳಿಗೆ ಹಂಚುವುದನ್ನು ಯಾವ ಫಖೀಹರೂ ಒಪ್ಪಿದವರಲ್ಲ.

ಕಗ್ಗಂಟು ಬಿಗಿದುಕೊಂಡದ್ದು ಮದ್ರಾಸಿನಲ್ಲಿ. ಹಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು, ಕೊನೆಗೆ ಅಬೂಬಕರ್ ಮತ್ತು ಗುಲಾಮ್ ಹುಸೈನ್ ನಡುವಿನ ವ್ಯಾಜ್ಯದಲ್ಲಿ ಮದ್ರಾಸ್ ಹೈಕೋರ್ಟು, ಇಸ್ಲಾಮೀ ಕಾನೂನಿನಂತೆ ಖಾಝಿಯ ನೇಮಕವು ರಾಜ್ಯದ ಪ್ರಭುವಿಗೆ ಮಾತ್ರ ಸೇರಿದ ಅಧಿಕಾರ ಎಂದು ಹೇಳಿದವು. ಜನರು ಕೂಡಿ ಆರಿಸಿದರೆ ಆತ ಖಾಝಿಯಾಗುವುದಿಲ್ಲ. ಇದರ ಪರಿಣಾಮವನ್ನು ಊಹಿಸಿ ನೋಡಿರಿ. ಪ್ರಭುವೋ, ತಾನು ಖಾಝಿಯನ್ನು ನೇಮಿಸುವುದಿಲ್ಲವೆಂದು 1864ರಲ್ಲೇ ಸಾರಿಬಿಟ್ಟಿದ್ದಾನೆ. ಪ್ರಭುವಿನ ಹೊರತು ಬೇರಾರೂ ನೇಮಿಸಕೂಡದು ಎಂದು ಅದೇ ಪ್ರಭುವಿನ ನ್ಯಾಯಾಲಯ ಹೇಳುತ್ತಿದೆ. ಹಳೆಯ ಸನದಿನ ಖಾಝಿ ತೀರಿಕೊಂಡರೆ ಆ ಊರಿಗೆ ಇನ್ನೊಬ್ಬರಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಮಾನ್ಯತೆಯುಳ್ಳ ಖಾಝಿಗಳ ಸಂಖ್ಯೆ ಕುಸಿಯಿತೆಂದೂ, ನಿಕಾಹ್ ಮುಂತಾದ ಕಾರ್ಯಗಳಿಗೆ ಖಾಝಿ ಬೇಕೆಂದು ಭಾವಿಸುವ ಮುಸ್ಲಿಮರಿಗೆ ತೊಂದರೆಯಾಯಿತೆಂದೂ ಸರ್ಕಾರವೇ ಮುಂದೆ ಒಪ್ಪಿಕೊಂಡಿತು.

ಹೈಕೋರ್ಟು ಹೇಳಿದ್ದು ಸುಳ್ಳಲ್ಲ, ಅರ್ಧ. ನಮ್ಮ ಚರ್ಚೆಯ ತಿರುಳು ಇಲ್ಲಿದೆಯಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ಖಾಝಿಯ ಅಧಿಕಾರವು ಇಮಾಮನಿಂದ, ಅಂದರೆ ಆಡಳಿತದ ಮುಖ್ಯಸ್ಥನಿಂದ ಹರಿದುಬರುತ್ತದೆ ಎಂಬುದು ನಾಲ್ಕು ಮದ್‌ಹಬ್‌ಗಳಿಗೂ ತಿಳಿದ ಮಾತು. ಪ್ರವಾದಿಯವರು (ಸ) ಮುಆದ್ (ರ) ಅವರನ್ನು ಯಮನ್‌ಗೆ ಕಳುಹಿಸಿದ್ದು, ಖಲೀಫರು ನಗರ ನಗರಗಳಿಗೆ ಖಾಝಿಗಳನ್ನು ನೇಮಿಸಿದ್ದು ಇದಕ್ಕೆ ಬುನಾದಿ. ಹನಫೀ ಫಿಕ್ಹ್‌ನ ಪ್ರಸಿದ್ಧ ಗ್ರಂಥ ಹಿದಾಯದಲ್ಲಿ ಅನ್ಯಾಯಗಾರನಾದ ಸುಲ್ತಾನನಿಂದಲೂ ಖಾಝಿ ಪದವಿಯನ್ನು ಸ್ವೀಕರಿಸಬಹುದೆಂಬ ಚರ್ಚೆಯಿದೆ. ಈ ಹಿದಾಯವನ್ನು ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇಂಗ್ಲಿಷಿಗೆ ತಂದರು. ಅರಬಿ ಮೂಲದಿಂದ ನೇರವಾಗಿ ಅಲ್ಲ, ಪಾರಸಿ ಅನುವಾದದಿಂದ. ಇಂಗ್ಲಿಷ್ ನ್ಯಾಯಾಧೀಶರ ಮೇಜಿಗೆ ನಮ್ಮ ಶರೀಅತ್ ತಲುಪಿದುದು ಬಹುಮಟ್ಟಿಗೆ ಇಂತಹ ಬೆರಳೆಣಿಕೆಯ ಪುಸ್ತಕಗಳ ಮೂಲಕ.

ಆದರೆ ಅದೇ ಹಿದಾಯಕ್ಕೆ 15ನೇ ಶತಮಾನದ ಈಜಿಪ್ಟಿನಲ್ಲಿ ಇಮಾಮ್ ಇಬ್ನುಲ್ ಹುಮಾಮ್ ಬರೆದ ವ್ಯಾಖ್ಯಾನವಾದ ಫತ್‌ಹುಲ್ ಖದೀರ್ ಇದೆಯಷ್ಟೆ. ಅಲ್ಲಿ ಅವರು ಕುರ್ತುಬ, ವಲೆನ್ಸಿಯಾಗಳನ್ನು ಹೆಸರಿಸುತ್ತಾರೆ. ಅವು ಅಂದಲೂಸಿನ ನಗರಗಳು. ಮುಸ್ಲಿಮರ ಕೈಯಿಂದ ಜಾರಿ ಕ್ರೈಸ್ತ ಅರಸರ ಪಾಲಾದವು, ಆದರೂ ಮುಸ್ಲಿಮ್ ಪ್ರಜೆಗಳು ಅಲ್ಲಿ ಉಳಿದಿದ್ದರು. ಅಂತಹ ನಾಡಿನಲ್ಲಿ ಮುಸ್ಲಿಮರು ತಮ್ಮೊಳಗಿನ ಒಬ್ಬರ ಮೇಲೆ ಒಮ್ಮತಕ್ಕೆ ಬಂದು ಅವರನ್ನು ಮುಖ್ಯಸ್ಥರನ್ನಾಗಿ ಮಾಡಿಕೊಳ್ಳುವುದು ಕಡ್ಡಾಯ. ಆ ಮುಖ್ಯಸ್ಥರು ಖಾಝಿಯನ್ನು ನೇಮಿಸಬೇಕು, ಇಲ್ಲವೇ ತಾವೇ ತೀರ್ಪು ಕೊಡಬೇಕು ಎಂಬುದು ಅವರ ಅಭಿಪ್ರಾಯ. 1836ರಲ್ಲಿ ವಫಾತಾದ ದಮಸ್ಕಸ್‌ನ ಇಬ್ನ್ ಆಬಿದೀನ್ ಸಹ ಇದನ್ನೇ ಮುಂದುವರಿಸಿ, ಅಂತಹ ಕಡೆ ಮುಸ್ಲಿಮರ ಪರಸ್ಪರ ಒಪ್ಪಿಗೆಯಿಂದಲೇ ಒಬ್ಬರು ಖಾಝಿಯಾಗುತ್ತಾರೆ ಎನ್ನುತ್ತಾರೆ. ಮದ್ರಾಸಿನಲ್ಲಿ ವ್ಯಾಜ್ಯ ನಡೆಯುವಾಗ ಇದು ಇನ್ನೂ ಅರ್ಧ ಶತಮಾನವೂ ಕಳೆಯದ ಮಾತು.

ಶಾಫಿಈ ಫಿಕ್ಹ್‌ನಲ್ಲಿ ಇನ್ನೂ ನೇರವಾದ ಮಾತಿದೆ. ಬಾಗ್ದಾದಿನ ಇಮಾಮ್ ಮಾವರ್ದೀ ಸ್ವತಃ ಖಾಝಿಯಾಗಿದ್ದವರು, 1058ರಲ್ಲಿ ವಫಾತಾದವರು. ಆಡಳಿತದ ನಿಯಮಗಳ ಕುರಿತ ತಮ್ಮ ಅಲ್ ಅಹ್ಕಾಮುಸ್ಸುಲ್ತಾನಿಯ್ಯದಲ್ಲಿ ಅವರು ಇದೇ ಸಮಸ್ಯೆಯನ್ನು ಎತ್ತಿಕೊಳ್ಳುತ್ತಾರೆ. ಊರಿನಲ್ಲಿ ಖಾಝಿಯಿಲ್ಲ, ಊರವರೆಲ್ಲ ಸೇರಿ ಒಬ್ಬರನ್ನು ನೇಮಿಸಿಕೊಂಡರು. ಇಮಾಮ್ ಇರುವ ಕಾಲವಾದರೆ ಆ ನೇಮಕ ಅಸಿಂಧು. ಇಮಾಮ್ ಇಲ್ಲದ ಕಾಲವಾದರೆ ಅದು ಸಿಂಧು, ಆ ಖಾಝಿಯ ತೀರ್ಪು ಅವರ ಮೇಲೆ ಜಾರಿಯಾಗುತ್ತದೆ. ಮುಂದೆ ಇಮಾಮ್ ಬಂದರೆ? ಆತನ ಅನುಮತಿಯಿಲ್ಲದೆ ಖಾಝಿ ಮುಂದುವರಿಯುವಂತಿಲ್ಲ, ಆದರೆ ಅದುವರೆಗೆ ಕೊಟ್ಟ ತೀರ್ಪುಗಳು ಮುರಿದುಬೀಳುವುದಿಲ್ಲ. ನಮ್ಮ ಫುಖಹಾ ಎಷ್ಟು ಮುಂದಾಲೋಚನೆಯಿಂದ ಯೋಚಿಸಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಮದ್ರಾಸಿನ ತೀರ್ಪು ಈ ನಿಯಮದ ಮೊದಲ ಸಾಲಿಗೆ ನಿಂತುಬಿಟ್ಟಿತು, ಎರಡನೆಯ ಸಾಲಿಗೆ ಹೋಗಲಿಲ್ಲ.

ಹಾಗಾದರೆ ಪ್ರಭುವಿನ ನೇಮಕವೊಂದೇ ಖಾಝಿಯನ್ನು ಖಾಝಿಯನ್ನಾಗಿ ಮಾಡಬಲ್ಲುದೇ? ಮುಸ್ಲಿಮ್ ಅರಸರ ಕಾಲದಲ್ಲೇ ಇದಕ್ಕೆ ಕಹಿಯಾದ ಉತ್ತರವೊಂದಿದೆ. ಹಿಜರಿ 350ರಲ್ಲಿ (ಕ್ರಿ.ಶ. 961) ಬಾಗ್ದಾದಿನ ನಿಜವಾದ ಅಧಿಕಾರ ಬುವೈಹೀ ಅಮೀರ್ ಮುಇಝ್ಝುದ್ದೌಲನ ಕೈಯಲ್ಲಿತ್ತು. ಇಬ್ನ್ ಅಬಿಶ್ಶವಾರಿಬ್ ಎಂಬವರು ವರ್ಷಕ್ಕೆ 2,00,000 ದಿರ್‌ಹಮ್ ಕೊಡುವೆನೆಂದು ಒಪ್ಪಿ ಆತನಿಂದ ಬಾಗ್ದಾದಿನ ಖಾಝಿತನವನ್ನು ಗುತ್ತಿಗೆ ಹಿಡಿದರು. ಸಂತೆಯ ಸುಂಕವನ್ನು ಹರಾಜಿನಲ್ಲಿ ಹಿಡಿದಂತೆ! ಖಲೀಫ ಅಲ್ ಮುತೀಅ್ ಅಧಿಕಾರದಲ್ಲಿ ದುರ್ಬಲರಾಗಿದ್ದರೂ ಆ ವ್ಯಕ್ತಿಯ ಮುಖ ನೋಡಲು ಒಪ್ಪಲಿಲ್ಲ, ತಮ್ಮ ಸಭೆಗೆ ಬರಗೊಡಲಿಲ್ಲ. ಎರಡು ವರ್ಷಗಳ ನಂತರ ಆತನನ್ನು ತೆಗೆದು ಉಮರ್ ಇಬ್ನ್ ಅಕ್ಸಮ್‌ರನ್ನು ಹಣವಿಲ್ಲದೆ ನೇಮಿಸಲಾಯಿತು. ಅವರು ಹಿಂದಿನವರ ತೀರ್ಪುಗಳನ್ನು ರದ್ದುಪಡಿಸಿದರು. ಮೇಲೆ ಮಾವರ್ದೀಯವರು ಹೇಳಿದ, ಊರವರು ನೇಮಿಸಿದ ಖಾಝಿಯ ತೀರ್ಪು ಮುರಿಯುವುದಿಲ್ಲ. ಅಮೀರನಿಂದ ಕೊಂಡುಕೊಂಡ ಖಾಝಿಯ ತೀರ್ಪು ಮುರಿಯಿತು.

ಇನ್ನು ವಾಸ್ತವದ ಪ್ರಶ್ನೆಗೆ ಬರೋಣ. ಖಾಝಿ ಇಲ್ಲದಿದ್ದರೆ ಏನು ಕೆಟ್ಟಿತು? ನಿಕಾಹ್‌ಗೆ ಬೇಕಾದದ್ದು ಈಜಾಬ್, ಖಬೂಲ್ ಮತ್ತು ಸಾಕ್ಷಿಗಳು. ಶಾಫಿಈ ಮದ್‌ಹಬ್‌ನಲ್ಲಿ ವಧುವಿನ ವಲೀ. ಖಾಝಿ ನಿಕಾಹ್‌ನ ರುಕ್ನ್ ಅಲ್ಲ. ತಂದೆ, ಅಜ್ಜ, ಸಹೋದರ ಇರುವ ಮನೆಯಲ್ಲಿ ಖಾಝಿ ಬಾರದಿದ್ದರೂ ನಿಕಾಹ್‌ಗೆ ಕುಂದಿಲ್ಲ. ಆದರೆ ವಲೀ ಯಾರೂ ಉಳಿಯದ ಯತೀಮ್ ಹೆಣ್ಣುಮಗಳ ಸ್ಥಿತಿ? ವಲೀ ಇಲ್ಲದವಳಿಗೆ ಸುಲ್ತಾನನೇ ವಲೀ ಎಂಬುದು ಹದೀಸಿನ ಬೋಧನೆ, ಸುಲ್ತಾನನ ಪರವಾಗಿ ಆ ಸ್ಥಾನದಲ್ಲಿ ನಿಲ್ಲುವವನು ಖಾಝಿ. ಗಂಡ ಊರು ಬಿಟ್ಟು ಹೋಗಿ ಹತ್ತು ವರ್ಷವಾಗಿ, ಬದುಕಿದ್ದಾನೋ ಇಲ್ಲವೋ ತಿಳಿಯದೆ ಕಾಯುವ ಹೆಂಡತಿಯ ಸ್ಥಿತಿ? ಅವಳ ಮದುವೆಯನ್ನು ಫಸ್ಖ್ ಮಾಡಬೇಕಾದವನೂ ಖಾಝಿಯೇ. ಖಾಝಿಯ ಪೀಠ ಖಾಲಿಯಾದಾಗ ಶ್ರೀಮಂತರ ಮನೆಯ ಮದುವೆಗಳು ನಿಲ್ಲಲಿಲ್ಲ. ನಿಂತುಹೋದದ್ದು ಇಂತಹವರ ಬದುಕು.

ಈ ಬಿಕ್ಕಟ್ಟನ್ನು ಬಿಡಿಸಲು ವೈಸರಾಯ್‌ರ ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದವರು ಸರ್ ಸಯ್ಯಿದ್ ಅಹ್ಮದ್ ಖಾನ್. ಅಲೀಗಢದ ಕಾಲೇಜಿನಿಂದ ಅವರನ್ನು ಬಲ್ಲವರು ಅನೇಕರು, ಖಾಝಿ ಕಾಯ್ದೆಯಿಂದ ಬಲ್ಲವರು ವಿರಳ. ಅವರ ಆಧುನಿಕ ವಿಚಾರಗಳೊಂದಿಗೆ ಉಲಮಾಗಳಿಗೆ ಭಿನ್ನಾಭಿಪ್ರಾಯಗಳಿದ್ದುದು ನಿಜವಾದರೂ ಈ ಕೆಲಸವನ್ನು ಅವರ ಲೆಕ್ಕಕ್ಕೆ ಬರೆಯಲೇಬೇಕು. 1880ರ 12ನೇ ಕಾಯ್ದೆಯಾಗಿ ಅದು ಅಂಗೀಕಾರವಾಯಿತು. ಕೇವಲ ನಾಲ್ಕು ಕಲಮುಗಳ ಪುಟ್ಟ ಕಾಯ್ದೆ. ಮೊದಲಿಗೆ ಅದು ಅನ್ವಯವಾದುದು ಮದ್ರಾಸ್ ಪ್ರಾಂತ್ಯಕ್ಕೆ ಮಾತ್ರ, ಉಳಿದ ಪ್ರಾಂತ್ಯಗಳು ಬೇಕೆಂದರೆ ವಿಸ್ತರಿಸಿಕೊಳ್ಳಬಹುದಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದುದರಿಂದ ಕನ್ನಡ ನಾಡಿನ ಈ ಭಾಗಗಳು ಆರಂಭದಿಂದಲೇ ಅದರ ವ್ಯಾಪ್ತಿಯಲ್ಲಿದ್ದವು. ಉತ್ತರ ಕನ್ನಡ 1862ರಲ್ಲೇ ಬೊಂಬಾಯಿಗೆ ಹೋಗಿತ್ತು, ಮೈಸೂರು ಅರಸರ ಸಂಸ್ಥಾನವಾಗಿತ್ತು.

ಕಾಯ್ದೆಯ ಎರಡನೆಯ ಕಲಮು ಹೇಳುವುದಿಷ್ಟು: ಒಂದು ಪ್ರದೇಶದ ಗಣನೀಯ ಸಂಖ್ಯೆಯ ಮುಸ್ಲಿಮರು ಖಾಝಿ ಬೇಕೆಂದು ಬಯಸುತ್ತಾರೆಂದು ಸರ್ಕಾರಕ್ಕೆ ಕಂಡುಬಂದರೆ, ಅಲ್ಲಿಯ ಪ್ರಮುಖ ಮುಸ್ಲಿಮರೊಂದಿಗೆ ಸಮಾಲೋಚಿಸಿ ಯೋಗ್ಯರಾದವರನ್ನು ಸರ್ಕಾರ ನೇಮಿಸಬಹುದು. ನೇಮಕ ಸರಿಯೋ ತಪ್ಪೋ ಎಂಬ ಪ್ರಶ್ನೆ ಎದ್ದರೆ ಸರ್ಕಾರದ ತೀರ್ಮಾನವೇ ಅಂತಿಮ. ದುರ್ವರ್ತನೆ ತೋರಿದರೆ, ಸತತ ಆರು ತಿಂಗಳು ಊರಲ್ಲಿ ಇಲ್ಲದಿದ್ದರೆ, ದಿವಾಳಿಯಾದರೆ ತೆಗೆಯಬಹುದು. ಮೂರನೆಯದು ನಾಯಿಬ್ ಖಾಝಿಗಳ ಬಗ್ಗೆ. ಇಲ್ಲಿಯವರೆಗೆ ಓದಿದರೆ ಪೀಠ ಮರಳಿ ಬಂತೆಂದೇ ತೋರುತ್ತದೆ. ನಾಲ್ಕನೆಯ ಕಲಮು ಆ ಸಂತೋಷಕ್ಕೆ ನೀರೆರಚುತ್ತದೆ. ಈ ಕಾಯ್ದೆಯಿಂದ ಖಾಝಿಗೆ ಯಾವ ನ್ಯಾಯಿಕ ಅಥವಾ ಆಡಳಿತದ ಅಧಿಕಾರವೂ ಬರುವುದಿಲ್ಲ. ಯಾವುದೇ ನಿಕಾಹ್‌ಗೆ ಅವರ ಹಾಜರಿ ಅಗತ್ಯವಾಗುವುದಿಲ್ಲ. ಬೇರೊಬ್ಬರು ಖಾಝಿಯ ಕೆಲಸ ಮಾಡುವುದಕ್ಕೆ ತಡೆಯೂ ಇಲ್ಲ.

ಅಂದರೆ ಸರ್ಕಾರ ನ್ಯಾಯಾಧೀಶನನ್ನು ನೇಮಿಸುತ್ತದೆ, ನ್ಯಾಯ ಕೊಡುವುದನ್ನು ಬಿಟ್ಟು. ವಿಚಿತ್ರವೆಂದರೆ ಹೈಕೋರ್ಟು ಮುಚ್ಚಿದ್ದ ಬಾಗಿಲನ್ನು ಇದೇ ಕಲಮಿನ ಕೊನೆಯ ಮಾತು ಸದ್ದಿಲ್ಲದೆ ತೆರೆಯಿತು. ಯಾರು ಬೇಕಾದರೂ ಖಾಝಿಯ ಕರ್ತವ್ಯ ನಿರ್ವಹಿಸಬಹುದಾದರೆ ಜಮಾಅತ್ ಆರಿಸಿದವರೂ ನಿರ್ವಹಿಸಬಹುದು. ಇಬ್ನುಲ್ ಹುಮಾಮ್‌ರ ಮಾತಿಗೆ ಹೀಗೆ ಹಿಂಬಾಗಿಲಿನಿಂದ ಪ್ರವೇಶ ದೊರೆಯಿತು. ಬಿಹಾರದಲ್ಲಿ 1921ರಲ್ಲಿ ಮೌಲಾನಾ ಅಬುಲ್ ಮಹಾಸಿನ್ ಮುಹಮ್ಮದ್ ಸಜ್ಜಾದ್ ಇಮಾರತೆ ಶರಈಯ್ಯವನ್ನು ಕಟ್ಟಿದಾಗ ನಡೆದುದು ಇದೇ ಕ್ರಮ. ಸಮುದಾಯ ಅಮೀರನನ್ನು ಆರಿಸಿತು, ಅಮೀರ್ ಖಾಝಿಗಳನ್ನು ನೇಮಿಸಿದರು.

ಆದರೆ ಫಸ್ಖ್‌ನ ಗಾಯ ಮಾಯಲಿಲ್ಲ. ತೀರ್ಪಿನ ಅಧಿಕಾರವಿಲ್ಲದ ಖಾಝಿಯಿಂದ ಕಾಣೆಯಾದ ಗಂಡನ ಹೆಂಡತಿಗೆ ಸರ್ಕಾರಿ ಕಾನೂನಿನ ಬಿಡುಗಡೆ ಸಿಗುವಂತಿರಲಿಲ್ಲ. ಹನಫೀ ಮದ್‌ಹಬ್‌ನಲ್ಲಿ ಅವಳ ಕಾಯುವಿಕೆಯ ಅವಧಿಯೂ ಬಹಳ ದೀರ್ಘ. ಬಿಡುಗಡೆಗೆ ಬೇರೆ ದಾರಿ ಕಾಣದೆ ಕೆಲವು ಮಹಿಳೆಯರು ಧರ್ಮವನ್ನೇ ತೊರೆದ ದುಃಖಕರ ಪ್ರಸಂಗಗಳು ನಡೆದವು. ಆಗ ಮೌಲಾನಾ ಅಶ್ರಫ್ ಅಲೀ ಥಾನವೀ ಅಲ್ ಹೀಲತುನ್ನಾಜಿಝ ಎಂಬ ಗ್ರಂಥ ಬರೆದು, ಈ ವಿಷಯದಲ್ಲಿ ಮಾಲಿಕೀ ಮದ್‌ಹಬ್‌ನಂತೆ ನಡೆಯಬಹುದೆಂದೂ, ಮುಸ್ಲಿಮ್ ನ್ಯಾಯಾಧೀಶರಿಲ್ಲದ ಕಡೆ ಧರ್ಮನಿಷ್ಠ ಮುಸ್ಲಿಮರ ಒಂದು ಜಮಾಅತ್ ತೀರ್ಪು ಕೊಡಬಹುದೆಂದೂ ದಾರಿ ತೋರಿಸಿದರು. 1939ರಲ್ಲಿ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಬಂದಾಗ ಮಾಲಿಕೀ ಆಧಾರಗಳು ಅದರಲ್ಲಿ ಸೇರಿದವು. ಇಂತಹ ದಾವೆಗಳನ್ನು ಮುಸ್ಲಿಮ್ ನ್ಯಾಯಾಧೀಶರೇ ಕೇಳಬೇಕೆಂದು ಮಸೂದೆಯಲ್ಲಿದ್ದ ಕಲಮನ್ನು ಮಾತ್ರ ಕೈಬಿಡಲಾಯಿತು. ಮಹಿಳೆಗೆ ಬಿಡುಗಡೆ ಸಿಕ್ಕಿತು, ಖಾಝಿಗೆ ಪೀಠ ಸಿಗಲಿಲ್ಲ. ಎರಡರಲ್ಲಿ ಮೊದಲನೆಯದೇ ತುರ್ತಿನದಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಬ್ರಿಟಿಷರಿಗಿಂತ ಬಹಳ ಹಳೆಯದು. 14ನೇ ಶತಮಾನದ ನಡುವಿನಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಅಲ್ಲಿಯ ಅರಸ ಮುಸ್ಲಿಮನಾಗಿರಲಿಲ್ಲ. ಆದರೂ ಸುಮಾರು 4,000 ಮುಸ್ಲಿಮರೂ ಅವರಿಗೊಬ್ಬ ಖಾಝಿಯೂ ಇದ್ದರೆಂದು ಆತ ಬರೆದಿದ್ದಾನೆ. ಆ ಖಾಝಿಯ ಹೆಸರು ಬದ್ರುದ್ದೀನ್ ಮಅ್ಬರೀ, ಶಾಫಿಈ ವಿದ್ವಾಂಸರು, ದರ್ಸ್ ನಡೆಸುತ್ತಿದ್ದವರು. ಹಡಗಿಗೆ ಬಂದು ಅತಿಥಿಗಳನ್ನು ಊರಿಗೆ ಆಹ್ವಾನಿಸಿದವರು ಅವರೇ. ಮುಸ್ಲಿಮೇತರ ಅರಸನ ನಾಡಿನಲ್ಲಿ ಖಾಝಿ ಇರಲು ಸಾಧ್ಯವೇ ಎಂಬ ಪ್ರಶ್ನೆಗೆ ಮದ್ರಾಸಿನ ಹೈಕೋರ್ಟು ಹುಟ್ಟುವುದಕ್ಕೆ ಐದು ಶತಮಾನಗಳ ಮೊದಲೇ ಮಂಗಳೂರಿನ ದಂಡೆಯಲ್ಲಿ ಉತ್ತರವಿತ್ತು.

ಇಂದು ಕರಾವಳಿಯ ಮೊಹಲ್ಲಾಗಳಲ್ಲಿ ಜಮಾಅತ್‌ಗಳೇ ಖಾಝಿಯನ್ನು ಒಪ್ಪಿ ಸ್ವೀಕರಿಸುವ ಪದ್ಧತಿಯಿದೆ. 2014ರಲ್ಲಿ ಸುಪ್ರೀಂ ಕೋರ್ಟು ದಾರುಲ್ ಖಝಾಗಳ ಕುರಿತ ತೀರ್ಪಿನಲ್ಲಿ ಅವನ್ನು ಕಾನೂನುಬಾಹಿರ ಎನ್ನಲಿಲ್ಲ, ಆದರೆ ಅವುಗಳ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ, ಒಪ್ಪದವರ ಮೇಲೆ ಹೇರುವಂತಿಲ್ಲ ಎಂದಿತು. 2017ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಖಾಝಿಗಳು ಕೊಡುವ ತಲಾಖ್ ಪ್ರಮಾಣಪತ್ರವು ಕೇವಲ ಅಭಿಪ್ರಾಯವೆಂದು ಹೇಳಿ, ಅಂತಹ ಪ್ರಮಾಣಪತ್ರಗಳನ್ನು ನೀಡದಂತೆ ತಡೆಯಿತು. ಆ ತೀರ್ಪಿಗೆ ಆಧಾರವಾಗಿ ನಿಂತುದು 1880ರ ಕಾಯ್ದೆಯ ಅದೇ ನಾಲ್ಕನೆಯ ಕಲಮು. ಹೀಗಿರುವಾಗ ಪಕ್ಕಪಕ್ಕದ ಎರಡು ಜಮಾಅತ್‌ಗಳು ಇಬ್ಬರು ಖಾಝಿಗಳನ್ನು ಒಪ್ಪಿಕೊಂಡು, ಒಂದೇ ರಸ್ತೆಯ ಆಚೆ ಈಚೆ ಈದ್ ಎರಡು ದಿನವಾದರೆ ಆ ತಕರಾರನ್ನು ಒಯ್ಯಲು ನಮಗೆ ಸುಲ್ತಾನನಿಲ್ಲ, ನ್ಯಾಯಾಲಯವೂ ಇಲ್ಲ. ಇಬ್ನುಲ್ ಹುಮಾಮ್ ಕುರ್ತುಬದ ಮುಸ್ಲಿಮರಿಗೆ ಕಡ್ಡಾಯವೆಂದದ್ದು ಒಬ್ಬರ ಮೇಲೆ ಒಮ್ಮತಕ್ಕೆ ಬರುವುದನ್ನು; ಇಬ್ಬರ ವಿಷಯವನ್ನು ಅವರು ಅಲ್ಲಿ ಎತ್ತಿಕೊಂಡಿಲ್ಲ.